ಹಿತ್ತಲ ಬಾರೆಗೆ ಜೊತೆ ಬೇಕು

ರಾಯಚೂರು ಜಿಲ್ಲೆಯ ಒಣ ಹವೆಗೆ ಹೇಳಿ ಮಾಡಿಸಿದಂಥ ಹಣ್ಣಿನ ಗಿಡ ಬಾರೆ. ಇದನ್ನು ಬೋರೆ, ಎಲಚಿ ಎಂದೂ ಕರೆಯುತ್ತಾರೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲು, ಅಲ್ಲಲ್ಲಿ ಸವಳು ನೀರು, ಇವೆಲ್ಲವನ್ನೂ ತಾಳಿಕೊಂಡು ಸಂಕ್ರಾಂತಿಯ ಹೊತ್ತಿಗೆ ಹಣ್ಣು ಕೊಡುತ್ತದೆ. ಹೀಗಿದ್ದರೂ ಹಿತ್ತಲಲ್ಲಿ ನೆಟ್ಟ ಕಸಿ ಬಾರೆ ಸೊಂಪಾಗಿ ಬೆಳೆದು, ಮೈತುಂಬ ಹೂ ಬಿಟ್ಟು, ಕಾಯಿ ಮಾತ್ರ ಕಚ್ಚದೆ ಹೋಗುವುದುಂಟು. ಎರಡು ಮೂರು ವರ್ಷ ಕಾದ ಮನೆಯವರು "ಇದು ಗೊಡ್ಡು ಗಿಡ" ಎಂದು ಕೊಡಲಿ ಹಾಕುತ್ತಾರೆ. ಅನೇಕ ವೇಳೆ ದೋಷ ಗಿಡದ್ದಲ್ಲ. ಅದರ ಹತ್ತಿರ ಇನ್ನೊಂದು ತಳಿ ಇಲ್ಲದಿರುವುದೇ ಕಾರಣ.

ಹೊಸ ಹಣ್ಣಿನ ಆಸೆ

ಹಿತ್ತಲಿಗೆ ಹೊಸ ಹಣ್ಣು ತರಬೇಕೆಂಬ ಉತ್ಸಾಹದಲ್ಲಿ ಕೆಲವರು ಪರ್ಸಿಮನ್‌ನಂಥ ಗಿಡದತ್ತ ನೋಡುತ್ತಾರೆ. ನಮ್ಮ ದೇಶದಲ್ಲಿ ಅದು ಹಿಮಾಚಲ ಪ್ರದೇಶ, ನೀಲಗಿರಿಯ ಕೂನೂರು ಮೊದಲಾದ ತಂಪು ಬೆಟ್ಟದ ಸೀಮೆಯ ಬೆಳೆ. ಚಳಿಗಾಲದಲ್ಲಿ ಎಲೆ ಉದುರಿಸಿ ಸಾಕಷ್ಟು ಕಾಲ ಚಳಿಯಲ್ಲಿ ವಿಶ್ರಾಂತಿ ಪಡೆದರೆ ಮಾತ್ರ ಅದು ಸರಿಯಾಗಿ ಚಿಗುರಿ ಹೂ ಬಿಡುತ್ತದೆ. ರಾಯಚೂರಿನಲ್ಲಿ ಅಂಥ ಚಳಿ ಬೀಳುವುದಿಲ್ಲ. ಬೀಡಿ ಎಲೆ ಕೊಡುವ ತುಮರಿ ಗಿಡ ಪರ್ಸಿಮನ್‌ನ ಕುಲಕ್ಕೇ ಸೇರಿದ್ದು ನಿಜ. ಆದರೆ ನೆಂಟಸ್ತಿಕೆಯಿಂದ ಹವಾಮಾನ ಬದಲಾಗದು. ಆ ಜಾಗದಲ್ಲಿ ಬಾರೆಯ ಎರಡು ಮೂರು ತಳಿಗಳನ್ನು ಬೆಳೆಸುವುದು ಲೇಸು.

ಕಾಯಿ ಏಕೆ ಕಚ್ಚುವುದಿಲ್ಲ?

ಬಾರೆಯ ಅನೇಕ ತಳಿಗಳಲ್ಲಿ ತನ್ನದೇ ಪರಾಗದಿಂದ ಕಾಯಿ ಕಚ್ಚುವುದು ಇಲ್ಲ, ಇಲ್ಲವೇ ತೀರ ಕಡಿಮೆ. ಬೇರೆ ತಳಿಯ ಪರಾಗ ಬಿದ್ದರೆ ಮಾತ್ರ ಚೆನ್ನಾಗಿ ಕಾಯಿ ನಿಲ್ಲುತ್ತದೆ. ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಕಸಿ ಗಿಡಗಳೆಲ್ಲ ಒಂದೇ ತಾಯಿಮರದ ಕಣ್ಣಿನಿಂದ ಬಂದವು. ಆದ್ದರಿಂದ ಒಂದೇ ತಳಿಯ ಹತ್ತು ಗಿಡಗಳಿದ್ದರೂ ಪರಾಗದ ಮಟ್ಟಿಗೆ ಅವು ಒಂದೇ ಗಿಡಕ್ಕೆ ಸಮ.

ಬಾರೆಯ ಪರಾಗ ಅಂಟಾಗಿರುವುದರಿಂದ ಗಾಳಿಯಲ್ಲಿ ಹಾರುವುದಿಲ್ಲ. ಜೇನುನೊಣ, ಕಣಜ, ಮನೆನೊಣಗಳೇ ಅದನ್ನು ಹೊತ್ತು ತರಬೇಕು. ಕೆಲವು ತಳಿಗಳ ಹೂ ಬೆಳಿಗ್ಗೆ ಅರಳಿದರೆ ಕೆಲವದು ಮಧ್ಯಾಹ್ನ ಅರಳುತ್ತದೆ. ಹೀಗಾಗಿ ಎರಡಕ್ಕಿಂತ ಮೂರು ತಳಿ ಇದ್ದರೆ ಇನ್ನೂ ಒಳ್ಳೆಯದು.

ದೇವದುರ್ಗದ ಕಡೆ ಹೊಲದ ಬದುವಿನಲ್ಲಿ ಜವಾರಿ ಬಾರೆ ಉಳಿದಿರುವಲ್ಲಿ ಈ ತೊಂದರೆ ಅಷ್ಟಾಗಿ ಕಾಣದು. ಬೀಜದಿಂದ ಹುಟ್ಟಿದ ಜವಾರಿ ಗಿಡಗಳು ಒಂದರಂತೆ ಒಂದಿರುವುದಿಲ್ಲ. ಅವುಗಳ ಪರಾಗ ಕಸಿ ಗಿಡಕ್ಕೆ ಒದಗುತ್ತದೆ. ಮಾನ್ವಿ ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತದ ಗದ್ದೆಯಾದ ನೆಲದಲ್ಲಾಗಲಿ, ರಾಯಚೂರು ನಗರದ ಹೊಸ ಬಡಾವಣೆಗಳಲ್ಲಾಗಲಿ ಜವಾರಿ ಗಿಡ ಉಳಿದಿರದಿದ್ದರೆ ಜೊತೆಯ ತಳಿಯನ್ನು ಮನೆಯವರೇ ಒದಗಿಸಬೇಕು.

ತಳಿಗಳ ಆಯ್ಕೆ

ಗೋಲಾ: ದುಂಡನೆಯ, ರಸಭರಿತ ಹಣ್ಣು. ಎಲ್ಲಕ್ಕಿಂತ ಮೊದಲು ಕೊಯ್ಲಿಗೆ ಬರುತ್ತದೆ.

ಸೇಬ್, ಕೈಥಲಿ, ಮುಂಡಿಯಾ: ಮಧ್ಯಮ ಅವಧಿಯ ತಳಿಗಳು. ಗೋಲಾದ ನಂತರ ಮಾಗುತ್ತವೆ.

ಉಮ್ರಾನ್: ದೊಡ್ಡ, ಉದ್ದುರುಟು ಹಣ್ಣು. ಹೊಂಬಣ್ಣದಿಂದ ಕಂದು ಬಣ್ಣಕ್ಕೆ ತಿರುಗುತ್ತದೆ. ಕೊನೆಗೆ ಮಾಗುತ್ತದೆ, ಇಳುವರಿ ಹೆಚ್ಚು.

ಗೋಲಾ, ಒಂದು ಮಧ್ಯಮ ತಳಿ ಮತ್ತು ಉಮ್ರಾನ್ ಸೇರಿಸಿದರೆ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಮನೆಗೆ ಒಂದಾದ ಮೇಲೊಂದು ಹಣ್ಣು ದೊರೆಯುತ್ತದೆ. ಈಚಿನ ವರ್ಷಗಳಲ್ಲಿ ಮಾರಾಟಕ್ಕೆ ಬಂದಿರುವ ದೊಡ್ಡ ಗಾತ್ರದ ಆಪಲ್ ಬಾರೆಯನ್ನು ನೆಟ್ಟವರೂ ಅದರ ಹತ್ತಿರ ಬೇರೊಂದು ತಳಿಯನ್ನು ಇಡುವುದು ಕ್ಷೇಮ.

ಜಾಗ ಮತ್ತು ನಾಟಿ

ಮಸಾರಿ, ಗರಸು, ಎರೆ ಎಲ್ಲ ಬಗೆಯ ನೆಲದಲ್ಲೂ ಬಾರೆ ಬೆಳೆಯುತ್ತದೆ. ಎರೆಯಲ್ಲಿ ನೀರು ನಿಲ್ಲದಂತೆ ಗಿಡದ ಬುಡವನ್ನು ಏರಿಸಬೇಕು. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ಬೇಸಿಗೆಯಲ್ಲಿ ತೋಡಿ ಬಿಸಿಲಿಗೆ ಬಿಡಬೇಕು. ಮೃಗಶಿರ ಮಳೆಯ ಹೊತ್ತಿಗೆ ಮೇಲ್ಮಣ್ಣಿನೊಡನೆ ಎರಡು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ ನೆಡಬೇಕು. ಗಿಡದಿಂದ ಗಿಡಕ್ಕೆ 6 ಮೀಟರ್ ಅಂತರವಿರಲಿ. ಬಾರೆಯ ತಾಯಿಬೇರು ಬೇಗ ಆಳಕ್ಕಿಳಿಯುವುದರಿಂದ, ಬೇರು ಸುರುಳಿ ಸುತ್ತಿದ ಹಳೆಯ ಸಸಿಯನ್ನು ಕೊಳ್ಳಬಾರದು.

ಒಂದೇ ಮರದಲ್ಲಿ ಮೂರು ತಳಿ

ಪೇಟೆಯ ಮನೆಗಳಲ್ಲಿ ಮೂರು ಗಿಡಕ್ಕೆ ಜಾಗವಿರುವುದಿಲ್ಲ. ಅಂಥಲ್ಲಿ ಇರುವ ಒಂದು ಮರಕ್ಕೇ ಬೇರೆ ತಳಿಗಳ ಕಣ್ಣು ಕಸಿ ಮಾಡಬಹುದು. ಏಪ್ರಿಲ್–ಮೇ ತಿಂಗಳಲ್ಲಿ ಮರದ ಕೆಲವು ಕೊಂಬೆಗಳನ್ನು ಮೋಟಾಗಿ ಕತ್ತರಿಸಬೇಕು. ಬರುವ ಹೊಸ ಚಿಗುರುಗಳಲ್ಲಿ ಬೇರೆ ಬೇರೆ ದಿಕ್ಕಿನ ನಾಲ್ಕೈದು ದೃಢವಾದವನ್ನು ಉಳಿಸಿಕೊಂಡು ಮಿಕ್ಕವನ್ನು ತೆಗೆಯಬೇಕು. ಉಳಿಸಿದವು ಪೆನ್ಸಿಲ್ ದಪ್ಪವಾದಾಗ, ಸಾಮಾನ್ಯವಾಗಿ ಜುಲೈ–ಆಗಸ್ಟ್‌ನಲ್ಲಿ, ಬೇಕಾದ ತಳಿಯ ಕಣ್ಣನ್ನು ತೊಗಟೆ ಸಹಿತ ಬಿಡಿಸಿ ಕೂರಿಸಿ, ಕಣ್ಣು ಮಾತ್ರ ಹೊರಗಿರುವಂತೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಬೇಕು. ಕಣ್ಣು ಹಸಿರಾಗಿ ಉಳಿದು ಚಿಗುರಿದ ಮೇಲೆ ಅದರ ಮೇಲಿನ ಭಾಗವನ್ನು ಕತ್ತರಿಸಬೇಕು. ಕಸಿಯ ಕೆಳಗೆ ಬರುವ ಚಿಗುರುಗಳನ್ನು ಆಗಾಗ ಚಿವುಟದಿದ್ದರೆ ಅವೇ ಮೇಲೆದ್ದು ಕಸಿ ರೆಂಬೆಯನ್ನು ಸೊರಗಿಸುತ್ತವೆ.

ಜವಾರಿ ಮರವನ್ನೂ ಹೀಗೆಯೇ ಒಳ್ಳೆಯ ತಳಿಗೆ ಪರಿವರ್ತಿಸಬಹುದು. ಆಳಕ್ಕಿಳಿದ ಅದರ ಬೇರು ಸಿದ್ಧವಾಗಿರುವುದರಿಂದ ಫಲವೂ ಬೇಗ ಬರುತ್ತದೆ. ಬದುವಿನ ಬಾರೆಯನ್ನು ಕಡಿಯುವ ಮೊದಲು ರೈತರು ಇದನ್ನು ಯೋಚಿಸಬೇಕು.

ಚಾಟನಿ ಮತ್ತು ಆರೈಕೆ

ಬಾರೆ ಆಯಾ ವರ್ಷದ ಹೊಸ ರೆಂಬೆಯಲ್ಲಿ ಎಲೆಯ ಕಂಕುಳಲ್ಲಿ ಕಾಯಿ ಬಿಡುತ್ತದೆ. ಆದ್ದರಿಂದ ಎಲೆ ಉದುರುವ ಬೇಸಿಗೆಯಲ್ಲಿ ಪ್ರತಿ ವರ್ಷ ಚಾಟನಿ ಮಾಡಲೇಬೇಕು. ಹಿಂದಿನ ವರ್ಷದ ರೆಂಬೆಗಳನ್ನು ಅರ್ಧಕ್ಕೆ ಮೊಟಕುಗೊಳಿಸಿ, ಒಣಗಿದ, ನೆಲಕ್ಕೆ ತಾಗುವ ಕೊಂಬೆಗಳನ್ನು ತೆಗೆಯಬೇಕು. ಬೆಳೆದ ಮರಕ್ಕೆ ಈ ವಿಶ್ರಾಂತಿಯ ಕಾಲದಲ್ಲಿ ನೀರು ಬೇಡ. ಕಾಯಿ ದಪ್ಪವಾಗುವಾಗ ಮಾತ್ರ ತೇವ ಕಡಿಮೆಯಾಗಬಾರದು. ಬಚ್ಚಲ ನೀರನ್ನು ಆಗ ಬುಡಕ್ಕೆ ತಿರುಗಿಸಬಹುದು.

ಕಾಯಿ ಮತ್ತು ಎಲೆಗಳ ಮೇಲೆ ಬೂದಿ ರೋಗ ಕಂಡರೆ ಒಂದು ಲೀಟರ್ ನೀರಿಗೆ 3 ಗ್ರಾಂ ನೀರಿನಲ್ಲಿ ಕರಗುವ ಗಂಧಕ ಬೆರೆಸಿ ತಂಪು ಹೊತ್ತಿನಲ್ಲಿ ಸಿಂಪಡಿಸಬೇಕು. ಹಣ್ಣು ನೊಣದ ಹುಳು ಬಿದ್ದು ಉದುರಿದ ಹಣ್ಣುಗಳನ್ನು ದಿನವೂ ಆರಿಸಿ ಸುಡಬೇಕು. ಬೇಸಿಗೆಯಲ್ಲಿ ಮರದ ಕೆಳಗಿನ ಮಣ್ಣು ಅಗೆದರೆ ಒಳಗಿನ ಕೋಶಗಳು ಬಿಸಿಲಿಗೆ ಸಾಯುತ್ತವೆ. ಹೂ ಬಿಟ್ಟಿರುವಾಗ ಯಾವ ಕೀಟನಾಶಕವನ್ನೂ ಹೊಡೆಯಬಾರದು. ಪರಾಗ ತರುವ ನೊಣ ಸತ್ತರೆ ಮೂರು ತಳಿ ಇದ್ದೂ ಪ್ರಯೋಜನವಿಲ್ಲ.

ಕಸಿ ಗಿಡ ಎರಡು ಮೂರು ವರ್ಷಕ್ಕೆ ಫಲಕ್ಕೆ ಬರುತ್ತದೆ. ಚೆನ್ನಾಗಿ ಬೆಳೆದ ಮರದಿಂದ ಮಳೆಯಾಶ್ರಯದಲ್ಲೇ 50 ಕಿಲೋಗ್ರಾಂನಷ್ಟು ಹಣ್ಣು ನಿರೀಕ್ಷಿಸಬಹುದು. ಹಸಿರು ಕಾಯಿ ಕಿತ್ತರೆ ರುಚಿ ಬಾರದು. ಬಣ್ಣ ತಿರುಗಿದ ಹಣ್ಣನ್ನು ನಾಲ್ಕೈದು ಸಲಕ್ಕೆ ಬಿಡಿಸಬೇಕು.

ಹೂ ಬಿಟ್ಟೂ ಕಾಯಿ ನಿಲ್ಲದ ಬಾರೆ ಮನೆಯಲ್ಲಿದ್ದರೆ ಈ ವರ್ಷ ಅದಕ್ಕೆ ಕೊಡಲಿ ಹಾಕುವ ಬದಲು, ಬರುವ ಮಳೆಗಾಲದಲ್ಲಿ ಬೇರೆ ತಳಿಯ ನಾಲ್ಕು ಕಣ್ಣು ಹಾಕಿಸಿ ನೋಡುವುದು ಜಾಣತನ.