ಮಾತ್ರೆ ಎಷ್ಟು, ಎಲ್ಲಿಯವರೆಗೆ?

ಅಜ್ಜಂಪುರದ ಕಡೆಯ ಓದುಗರೊಬ್ಬರು ಕೇಳಿದ್ದಾರೆ. ಅವರ ತಮ್ಮನ ಮಗನಿಗೆ ಸ್ಕಿಜೋಫ್ರೇನಿಯಾ. ಊರವರೆಲ್ಲ ಸೇರಿ ತನ್ನನ್ನು ಮುಗಿಸಲು ಹೊಂಚು ಹಾಕಿದ್ದಾರೆ ಎಂದು ಕೋಣೆ ಸೇರಿದ್ದ ಹುಡುಗ, ಮಾತ್ರೆ ಶುರುವಾದ ಮೇಲೆ ತೋಟದ ಕೆಲಸಕ್ಕೆ ಹೋಗುತ್ತಿದ್ದಾನೆ. ‘ಈಗ ಚೆನ್ನಾಗಿದ್ದಾನಲ್ಲ, ಇನ್ನೂ ಎಷ್ಟು ದಿನ ಈ ಮಾತ್ರೆ? ಕಿಡ್ನಿ ಹೋಗುತ್ತದಂತೆ, ಹೌದೇ?’

ಕಿಡ್ನಿಯ ಮಾತು ಮೊದಲು ಮುಗಿಸೋಣ. ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲದ್ದೆಂದು ಹೆಸರಾದದ್ದು ಲಿಥಿಯಂ. ಅದು ಬೈಪೋಲಾರ್ ಕಾಯಿಲೆಗೆ ಕೊಡುವ ಬೇರೆಯೇ ಔಷಧ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ರಿಸ್ಪೆರಿಡೋನ್, ಒಲಾಂಜಪೈನ್, ಹಾಲೊಪೆರಿಡಾಲ್‌ಗಳಿಗೆ ಆ ಕೆಟ್ಟ ಹೆಸರಿಲ್ಲ. ಅವುಗಳ ತಾಪತ್ರಯಗಳು ಬೇರೆ. ಜನ ಇಲ್ಲದ ಅಪಾಯಕ್ಕೆ ಹೆದರಿ ಇರುವ ಅಪಾಯವನ್ನು ನೋಡದೆ ಬಿಡುತ್ತಾರೆ ಎಂಬುದೇ ನನ್ನ ತಕರಾರು.

ಈ ಔಷಧಗಳ ಕಥೆ ಅರ್ಧ ಪ್ಯಾರಿಸ್‌ನದು, ಅರ್ಧ ನಮ್ಮದು. 1950ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಪಾಲ್ ಶಾರ್ಪಾಂತಿಯೇ ಕ್ಲೋರ್‌ಪ್ರೊಮಜೈನ್ ತಯಾರಿಸಿದಾಗ ಅದು ಹುಚ್ಚಿನ ಮದ್ದಾಗಿರಲಿಲ್ಲ. ನೌಕಾಪಡೆಯ ಶಸ್ತ್ರವೈದ್ಯ ಆನ್ರಿ ಲಬೊರಿ ಅದನ್ನು ಅರಿವಳಿಕೆಯ ಜೊತೆ ಕೊಟ್ಟು ನೋಡಿದ. ರೋಗಿಗಳು ಎಚ್ಚರವಾಗಿದ್ದೂ ಯಾವುದಕ್ಕೂ ತಲೆ ಕೆಡಿಸಿಕೊಳ್ಳದೆ ಮಲಗಿರುತ್ತಿದ್ದರು. 1952ರಲ್ಲಿ ಪ್ಯಾರಿಸ್‌ನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಜಾನ್ ದಲೇ ಮತ್ತು ಪಿಯರ್ ದೆನಿಕರ್ ಅದನ್ನು ಮನೋರೋಗಿಗಳಿಗೆ ಕೊಟ್ಟರು. ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತಿರುವ ಇತಿಹಾಸ.

ಅಷ್ಟಾಗಿ ಗೊತ್ತಿಲ್ಲದ್ದು ಅದಕ್ಕೂ ಇಪ್ಪತ್ತು ವರ್ಷ ಹಿಂದಿನದು. 1931ರಲ್ಲಿ ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್, ಸರ್ಪಗಂಧದ ಬೇರು ರಕ್ತದೊತ್ತಡವನ್ನೂ ಹುಚ್ಚಿನ ಉದ್ರೇಕವನ್ನೂ ಇಳಿಸುತ್ತದೆ ಎಂದು ವೈದ್ಯ ಪತ್ರಿಕೆಯಲ್ಲಿ ಬರೆದರು. ನಮ್ಮ ಪಶ್ಚಿಮಘಟ್ಟದಲ್ಲೂ ಬೆಳೆಯುವ ಗಿಡ ಅದು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಆ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಚುಚ್ಚಿದಾಗ ಅವು ಕಿವಿ ಜೋಲು ಬಿಟ್ಟು ಕೂತುಬಿಟ್ಟವು. ಎಲ್-ಡೋಪಾ ಕೊಟ್ಟರೆ ಮತ್ತೆ ಎದ್ದು ಓಡಾಡಿದವು. ಮಿದುಳಿನಲ್ಲಿ ಡೋಪಮೈನ್ ಎಂಬುದೊಂದು ಸ್ವತಂತ್ರ ಸಂದೇಶವಾಹಕ ಎಂದು ಗೊತ್ತಾದದ್ದು ಹೀಗೆ. 1963ರಲ್ಲಿ ಕಾರ್ಲ್‌ಸನ್, ಕ್ಲೋರ್‌ಪ್ರೊಮಜೈನ್ ಮತ್ತು ಹಾಲೊಪೆರಿಡಾಲ್ ಆ ಡೋಪಮೈನ್ ಕೂರುವ ಜಾಗವನ್ನೇ ಮುಚ್ಚುತ್ತಿರಬೇಕು ಎಂದು ಊಹಿಸಿದರು. 2000ದಲ್ಲಿ ಅವರಿಗೆ ನೊಬೆಲ್ ಬಂತು. ಸರ್ಪಗಂಧವನ್ನು ಮಾತ್ರ ಮನೋವೈದ್ಯರು ಕೈಬಿಟ್ಟರು, ಬಿಪಿ ಕುಸಿತ, ಖಿನ್ನತೆ ಎಂಬ ಕಾರಣಕ್ಕೆ. ಹಾಗಾಗಿ ಬೇರು ಅರೆದು ಕುಡಿಸುವ ಪ್ರಯೋಗ ಯಾರೂ ಮಾಡಬೇಡಿ.

ಮಾತ್ರೆ ಯಾವ ಕಾರಣಕ್ಕೆ ಗುಣ ಮಾಡುತ್ತದೋ ಅದೇ ಕಾರಣಕ್ಕೆ ತೊಂದರೆಯನ್ನೂ ಕೊಡುತ್ತದೆ. ಕಡೂರು ಸೀಮೆಯವರಿಗೆ ಕೆರೆಯ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಮದಗದ ಕೆರೆಯಂಥ ಒಂದು ಕೆರೆ, ಅದಕ್ಕೊಂದು ತೂಬು, ತೂಬಿನಿಂದ ಹೊರಟು ಕವಲೊಡೆಯುವ ಕಾಲುವೆಗಳು ಎಂದಿಟ್ಟುಕೊಳ್ಳಿ. ನೀರು ಡೋಪಮೈನ್, ತೂಬು ಮುಚ್ಚುವುದು ಮಾತ್ರೆ. ಒಂದು ಕಾಲುವೆಯ ಕೆಳಗಿನ ಗದ್ದೆಗೆ ನೀರು ನುಗ್ಗಿ ಬದು ಒಡೆಯುತ್ತಿದೆ. ಇಲ್ಲದ ದನಿ ಕೇಳುವುದು, ಇಲ್ಲದ ಶತ್ರು ಕಾಣುವುದು ಆ ಗದ್ದೆಯ ಪಾಡು. ಇನ್ನೊಂದು ಕಾಲುವೆ ಕೈಕಾಲಿನ ಚಲನೆಯದು, ಮೂರನೆಯದು ಹಾಲೂಡಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಹತೋಟಿಯಲ್ಲಿಡುವುದು. ಇವೆರಡಕ್ಕೂ ನೀರು ಬೇಕಾದಷ್ಟೇ ಹರಿಯುತ್ತಿದೆ. ಆದರೆ ನಮ್ಮ ಕೈಯಲ್ಲಿರುವುದು ತೂಬು ಮಾತ್ರ, ಕವಲಿಗೊಂದು ಬಾಗಿಲಿಲ್ಲ. ಕಡಿಮೆ ಮುಚ್ಚಿದರೆ ಬದು ಒಡೆಯುವುದು ನಿಲ್ಲದು. ಪೂರ್ತಿ ಮುಚ್ಚಿದರೆ ಚಲನೆಯ ಗದ್ದೆ ಒಣಗಿ ಕೈ ನಡುಗುತ್ತದೆ, ನಡಿಗೆ ಬಿಗಿಯುತ್ತದೆ, ಮುಖದ ಭಾವ ಹೋಗುತ್ತದೆ. ಪ್ರೊಲ್ಯಾಕ್ಟಿನ್ ಏರಿ ಹೆಂಗಸರ ಮುಟ್ಟು ನಿಲ್ಲುತ್ತದೆ.

ತೂಬು ಎಷ್ಟು ಮುಚ್ಚಬೇಕು? ಇದಕ್ಕೆ ಉತ್ತರ ಕೊಟ್ಟವರಲ್ಲಿ ಮುಖ್ಯರು ದೆಹಲಿಯ ಏಮ್ಸ್‌ನಲ್ಲಿ ಓದಿದ ಶಿತಿಜ್ ಕಪೂರ್. ಟೊರಾಂಟೊದಲ್ಲಿದ್ದಾಗ ಅವರು ಮೊದಲ ಸಲ ಕಾಯಿಲೆ ಬಿದ್ದ 22 ಮಂದಿಗೆ ದಿನಕ್ಕೆ 1 ಅಥವಾ 2.5 ಮಿಲಿಗ್ರಾಂ ಹಾಲೊಪೆರಿಡಾಲ್ ಕೊಟ್ಟು, ಪೆಟ್ ಸ್ಕ್ಯಾನ್ ಮಾಡಿ, ಡೋಪಮೈನಿನ ಎಷ್ಟು ಜಾಗ ಮುಚ್ಚಿದೆ ಎಂದು ಅಳೆದರು. 2000ದಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಶೇ 65ರಷ್ಟು ಮುಚ್ಚಿದರೆ ಗುಣ ಕಾಣುತ್ತದೆ, 72 ದಾಟಿದರೆ ಪ್ರೊಲ್ಯಾಕ್ಟಿನ್ ಏರುತ್ತದೆ, 78 ದಾಟಿದರೆ ಮೈ ಬಿಗಿಯುತ್ತದೆ. ಹಿಂದೆಲ್ಲ ಇದೇ ಹಾಲೊಪೆರಿಡಾಲನ್ನು ದಿನಕ್ಕೆ ಹತ್ತಿಪ್ಪತ್ತು ಮಿಲಿಗ್ರಾಂ ಸುರಿಯುತ್ತಿದ್ದರು! ಹೆಚ್ಚು ಕೊಟ್ಟರೆ ಹೆಚ್ಚು ಗುಣ ಎಂಬ ನಂಬಿಕೆ ಈಗಲೂ ಹೋಗಿಲ್ಲ. ‘ಇನ್ನೂ ಗಲಾಟೆ ಮಾಡ್ತಾನೆ, ಡೋಸ್ ಜಾಸ್ತಿ ಮಾಡಿ ಸಾರ್’ ಎಂದು ವೈದ್ಯರ ಮೇಜಿನ ಮುಂದೆ ಬೇಡುವ ಮನೆಯವರಿದ್ದಾರೆ. ಗಲಾಟೆ ಕೆಲವೊಮ್ಮೆ ಕಾಯಿಲೆಯದಲ್ಲ, ಮಾತ್ರೆಯದೇ. ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ ಶತಪಥ ಹಾಕಿಸುವ ಚಡಪಡಿಕೆ ಈ ಔಷಧಗಳ ಅಡ್ಡ ಪರಿಣಾಮ. ಅದಕ್ಕೆ ಡೋಸ್ ಏರಿಸಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಇನ್ನೊಂದನ್ನು ಗುರುತಿಟ್ಟುಕೊಳ್ಳಿ. ಇಂಜೆಕ್ಷನ್ನೋ ಮಾತ್ರೆಯೋ ಶುರುವಾದ ಮೊದಲ ಕೆಲವು ದಿನಗಳಲ್ಲಿ ಕೆಲವೊಮ್ಮೆ ಹುಡುಗನ ಕತ್ತು ಇದ್ದಕ್ಕಿದ್ದಂತೆ ಒಂದು ಪಕ್ಕಕ್ಕೆ ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲೆ ಸಿಕ್ಕಿಹಾಕಿಕೊಳ್ಳುತ್ತದೆ, ನಾಲಿಗೆ ಹೊರಗೆ ಬರುತ್ತದೆ. ನೋಡಿದವರು ‘ಮೈಮೇಲೆ ಬಂತು’ ಎಂದು ಗಾಬರಿಯಾಗಿ ಗುಡಿಗೆ ಎತ್ತಿಕೊಂಡು ಹೋಗುತ್ತಾರೆ. ಅದು ಸ್ನಾಯು ಸೆಳೆತ. ಹತ್ತಿರದ ಆಸ್ಪತ್ರೆಯಲ್ಲಿ ಫೆನರ್ಗನ್ ಇಂಜೆಕ್ಷನ್ ಕೊಟ್ಟರೆ ಬೇಗನೆ ಇಳಿಯುತ್ತದೆ. ಆದರೆ ಮೈಯೆಲ್ಲ ಮರದ ಕೊರಡಿನಂತೆ ಬಿಗಿದು, ಜೋರು ಜ್ವರ ಬಂದು, ಬೆವರಿ, ಮಾತು ತಡವರಿಸಿದರೆ ಅದು ಅಪರೂಪದ, ಜೀವಕ್ಕೆ ಅಪಾಯವಿರುವ ಸ್ಥಿತಿ. ಆಗ ಮಾತ್ರೆ ನಿಲ್ಲಿಸಿ ನೇರ ದೊಡ್ಡಾಸ್ಪತ್ರೆಗೆ ಹೊರಡಬೇಕು.

ಹೊಸ ಮಾತ್ರೆಗಳಲ್ಲಿ, ಅದರಲ್ಲೂ ಒಲಾಂಜಪೈನ್‌ನಲ್ಲಿ, ಈ ಬಿಗಿತ ಕಡಿಮೆ. ಬದಲಿಗೆ ಹಸಿವು, ಬೊಜ್ಜು, ಸಕ್ಕರೆ ಕಾಯಿಲೆ. ಇದನ್ನು ಕಾಯಲು ದೊಡ್ಡ ಯಂತ್ರ ಬೇಡ. ತೂಕದ ಯಂತ್ರ, ಸೊಂಟ ಅಳೆಯಲು ಟೇಪು, ಬಿಪಿ ನೋಡುವ ಪಟ್ಟಿ, ಖಾಲಿ ಹೊಟ್ಟೆಯ ಶುಗರ್ ಪರೀಕ್ಷೆ ಎಲ್ಲವೂ ಕಡೂರಿನಲ್ಲೂ ತರೀಕೆರೆಯಲ್ಲೂ ಸಿಗುತ್ತವೆ. ಶುರುವಿಗೊಮ್ಮೆ, ಮೂರು ತಿಂಗಳಾದಾಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಆಗಬೇಕು. ಇದನ್ನು ಚೀಟಿಯ ಮೇಲೆ ಬರೆಯದ ವೈದ್ಯರನ್ನು ನೀವೇ ಕೇಳಿ.

ಕೆಲವು ಸಂಗತಿಗಳು ಯಾವ ಚೀಟಿಯಲ್ಲೂ ಇರುವುದಿಲ್ಲ. ಬೀಡಿ, ಸಿಗರೇಟಿನ ಹೊಗೆ ಒಲಾಂಜಪೈನನ್ನೂ ಕ್ಲೋಜಪೈನ್ ಎಂಬ ಇನ್ನೊಂದು ಮಾತ್ರೆಯನ್ನೂ ಬೇಗ ಕರಗಿಸಿಬಿಡುತ್ತದೆ. ಬೀಡಿ ಬಿಟ್ಟ ಕೂಡಲೇ ಅದೇ ಡೋಸ್ ರಕ್ತದಲ್ಲಿ ಏರುತ್ತದೆ. ಬೀಡಿ ಬಿಡಿ, ಆದರೆ ವೈದ್ಯರಿಗೆ ಹೇಳಿ ಬಿಡಿ. ಕಾಫಿ ಕ್ಲೋಜಪೈನನ್ನು ಏರಿಸುತ್ತದೆ. ಚಿಕ್ಕಮಗಳೂರು ಜಿಲ್ಲೆಯವರಿಗೆ ಇದನ್ನು ಹೇಳಲು ಸ್ವಲ್ಪ ಧೈರ್ಯ ಬೇಕು. ಬಿಸಿಲುಗಾಲದಲ್ಲಿ ಈ ಮಾತ್ರೆಗಳು, ಬಿಗಿತಕ್ಕೆಂದು ಜೊತೆಗೆ ಕೊಡುವ ಪ್ಯಾಸಿಟೇನ್, ಮೈ ತಣಿಯದಂತೆ ಮಾಡುತ್ತವೆ. ಬಯಲುಸೀಮೆಯ ಏಪ್ರಿಲ್‌ನಲ್ಲಿ ಈರುಳ್ಳಿ ಹೊಲಕ್ಕೆ ಹೋಗುವವನಿಗೆ ನೀರೂ ನೆರಳೂ ಔಷಧದಷ್ಟೇ ಮುಖ್ಯ.

ಮುದ್ದೆಯಲ್ಲೋ ಸಾರಿನಲ್ಲೋ ಮಾತ್ರೆ ಬೆರೆಸುವುದು ನಮ್ಮ ಮನೆಗಳ ಗುಟ್ಟು. ಬೇರೆ ದಾರಿ ಕಾಣದ ತಾಯಿಯನ್ನು ಬೈಯಲು ನನಗೆ ಮನಸ್ಸಿಲ್ಲ. ಆದರೆ ತಾನೇನು ನುಂಗುತ್ತಿದ್ದೇನೆಂದು ತಿಳಿಯದವನು ‘ಇದರಿಂದ ಕೈ ನಡುಗುತ್ತಿದೆ’ ಎಂದು ಹೇಳಲಾರ. ಒಂದು ದಿನ ತಟ್ಟೆ ಅರ್ಧ ಬಿಟ್ಟರೆ ಡೋಸ್ ಅರ್ಧ. ತಿಂಗಳಿಗೋ ಹದಿನೈದು ದಿನಕ್ಕೋ ಒಮ್ಮೆ ಕೊಡುವ ಇಂಜೆಕ್ಷನ್‌ಗಳಿವೆ, ಅವನ್ನು ಕುರಿತು ಅವನ ಜೊತೆಯೇ ಕೂತು ಮಾತಾಡಿ.

ಇಷ್ಟೆಲ್ಲ ತೊಂದರೆ ಓದಿದ ಮೇಲೆ ಮಾತ್ರೆಯೇ ಬೇಡ ಅನ್ನಿಸಬಹುದು. ಅದಕ್ಕೆ ಉತ್ತರ ಭದ್ರೆಯ ಆಚೆ, ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿದೆ. ನಿಮ್ಹಾನ್ಸ್‌ನ ಡಾ. ಜಗದೀಶ ತೀರ್ಥಹಳ್ಳಿ ಮತ್ತು ಸಂಗಡಿಗರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇದ್ದವರನ್ನು ಊರೂರಲ್ಲಿ ಹುಡುಕಿ, ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಮಾತ್ರೆ ತೆಗೆದುಕೊಂಡವರು ಕೆಲಸ, ಸಂಸಾರ, ಸ್ವಂತ ಆರೈಕೆ ಇವುಗಳಲ್ಲಿ ಪಡೆಯದವರಿಗಿಂತ ಮೇಲಿದ್ದರು. ದೊಡ್ಡ ಆಸ್ಪತ್ರೆಯ ವಾರ್ಡಿನ ಲೆಕ್ಕವಲ್ಲ ಇದು, ಮಲೆನಾಡಿನ ಮನೆಗಳ ಲೆಕ್ಕ.

ಇನ್ನು ಮಾತ್ರೆ ನಿಲ್ಲಿಸುವ ಪ್ರಶ್ನೆ. 65 ಪ್ರಯೋಗಗಳನ್ನು ಒಟ್ಟುಗೂಡಿಸಿ 2012ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ಲೆಕ್ಕದಂತೆ, ಸುಧಾರಿಸಿದ ಮೇಲೂ ಮಾತ್ರೆ ಮುಂದುವರಿಸಿದವರಲ್ಲಿ ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ನೂರಕ್ಕೆ 27 ಮಂದಿಗೆ, ಬಿಟ್ಟವರಲ್ಲಿ 64 ಮಂದಿಗೆ. ಹುಡುಗ ಚೆನ್ನಾಗಿರುವುದು ಮಾತ್ರೆ ಬೇಡವಾಗಿರುವುದಕ್ಕಲ್ಲ, ಬಹುಪಾಲು ಅದು ಕೆಲಸ ಮಾಡುತ್ತಿರುವುದಕ್ಕೆ. ಮೊದಲ ಸಲದ ಕಾಯಿಲೆಯಾದರೆ ಗುಣವಾದ ಮೇಲೂ ಒಂದೆರಡು ವರ್ಷ, ಮರುಕಳಿಸಿದ್ದರೆ ಐದು ವರ್ಷ ಅಥವಾ ಹೆಚ್ಚು ಎಂಬುದು ವೈದ್ಯರ ಸಾಮಾನ್ಯ ರೂಢಿ. ಕಡಿಮೆ ಮಾಡುವುದಾದರೂ ತಿಂಗಳುಗಟ್ಟಲೆ ಹಿಡಿದು, ಸ್ವಲ್ಪಸ್ವಲ್ಪವಾಗಿ. ಕ್ಲೋಜಪೈನ್ ವಿಷಯದಲ್ಲಂತೂ ಎರಡು ದಿನ ತಪ್ಪಿದರೆ ಹಳೆಯ ಡೋಸನ್ನು ಮನೆಯಲ್ಲೇ ಮತ್ತೆ ಶುರು ಮಾಡುವಂತಿಲ್ಲ, ಕೆಳಗಿನಿಂದ ಏರಿಸುತ್ತಾ ಬರಬೇಕು. ಬೇರೆ ಮಾತ್ರೆಗಳಿಗೆ ಬಗ್ಗದವರಿಗೆ ಇದೇ ದಿವ್ಯೌಷಧ. ಆದರೆ 1975ರಲ್ಲಿ ಫಿನ್ಲೆಂಡಿನಲ್ಲಿ ಬಿಳಿ ರಕ್ತಕಣ ಕುಸಿದು ಸಾವುಗಳಾದ ಮೇಲೆ ರಕ್ತಪರೀಕ್ಷೆ ಇದರ ಬೆನ್ನಿಗೇ ಅಂಟಿಕೊಂಡಿತು.

ಡೋಪಮೈನ್ ಜಾಗವನ್ನು ಮುಚ್ಚದೆಯೇ ಕೆಲಸ ಮಾಡುವ ಹೊಸ ಮಾತ್ರೆಗೆ 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ. ‘ಕ್ರಾಂತಿ’ ಎಂಬ ತಲೆಬರಹಗಳನ್ನು ನೀವೂ ನೋಡಿರಬಹುದು. ಕ್ರಾಂತಿಯೋ ಅಲ್ಲವೋ ವರ್ಷಗಳು ಹೇಳಲಿ. ಅಜ್ಜಂಪುರದ ಕಡೆಯ ಹುಡುಗನಿಗೆ ಇವತ್ತು ಬೇಕಾದದ್ದು ಹಳೆಯ ಅಗ್ಗದ ಮಾತ್ರೆ, ಸರಿಯಾದ ಡೋಸಿನಲ್ಲಿ.

2014ರಲ್ಲಿ ರಾಜ್ಯ ಸರ್ಕಾರ ಶುರು ಮಾಡಿದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆಯಿದೆ, ಸಾಮಾನ್ಯವಾಗಿ ಮಂಗಳವಾರ. ನಿಮ್ಮ ಊರಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಅಲ್ಲಿಯವರೆಗೆ ಅನುಮಾನವಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಾತ್ರೆ ನಿಲ್ಲಿಸುವ ಮೊದಲು ಈ ಎರಡರಲ್ಲಿ ಒಂದನ್ನಾದರೂ ಮಾಡಿ.