ಊರಿಗೆ ನಾಯಿಯೂ ಬರುವುದಾದರೆ

ಮೇ ರಜೆ ಬಂತೆಂದರೆ ಮುಂಬಯಿ, ಪುಣೆಯ ನಮ್ಮವರ ಕಾರುಗಳು ಸಾತಾರಾ, ಕೊಲ್ಲಾಪುರ ದಾಟಿ ಬೆಳಗಾವಿಯತ್ತ ಓಡುತ್ತವೆ. ಹಿಂದಿನ ಸೀಟಿನಲ್ಲಿ ಈಗ ಮನೆಯ ನಾಯಿಗೂ ಜಾಗ. ಅದಕ್ಕೆ ದೊಡ್ಡ ಅಪಾಯವಿರುವುದು ನಾವು ಊಟಕ್ಕೆಂದು ನಿಲ್ಲಿಸಿದಾಗ. ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಉಷ್ಣತೆ ಸುಮಾರು 10 ಡಿಗ್ರಿ ಏರುತ್ತದೆ. ಗಾಜು ತುಸು ಇಳಿಸಿಟ್ಟರೂ ಹೆಚ್ಚೇನೂ ತಗ್ಗದು. ನಾಯಿಗೆ ನಮ್ಮಂತೆ ಮೈ ಬೆವರುವುದಿಲ್ಲ, ತೇಕುತ್ತಲೇ ಮೈ ತಂಪು ಮಾಡಿಕೊಳ್ಳಬೇಕು. ಪಗ್‌ನಂಥ ಚಪ್ಪಟೆ ಮೂಗಿನ ತಳಿಗೆ ಅದೂ ಕಷ್ಟ.

ಹಾಗಾಗಿ ಸರದಿಯಲ್ಲಿ ಊಟ ಮಾಡಿ. ಒಬ್ಬರು ನಾಯಿಯೊಡನೆ ನೆರಳಲ್ಲಿರಿ. ಅದು ವಿಪರೀತ ತೇಕಿ, ಜೊಲ್ಲು ಸುರಿಸಿ ತೂರಾಡಿದರೆ ಮೈಗೆ ತಣ್ಣೀರು ಸುರಿದು, ಗಾಳಿ ಹಾಕಿ, ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಿರಿ.

ರೈಲಿನಲ್ಲಾದರೆ ಎ.ಸಿ. ಮೊದಲ ದರ್ಜೆಯ ಇಡೀ ಕೂಪೆ ನಿಮ್ಮದಾಗಿರಬೇಕು. ಇಲ್ಲವಾದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆಯೇ ಗತಿ; ಬೇಸಿಗೆಯಲ್ಲಿ ಅದು ಬೇಡ.