ಪಹಣಿ ಶೋಧನೆಯಲ್ಲಿ ಉಳಿಸಿಟ್ಟ ಆಯ್ಕೆಗಳು: ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಅರ್ಜಿದಾರರ ಗಮನಕ್ಕೆ

ಗಣಕೀಕೃತ ಪಹಣಿಯನ್ನು ಅಂತರ್ಜಾಲದಲ್ಲಿ ನೋಡಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಂಬ ಕ್ರಮದಲ್ಲಿ ಆಯ್ಕೆ ಮಾಡಬೇಕಾಗುತ್ತದೆ. ಒಂದೇ ಗ್ರಾಮದ ಹಲವು ಸರ್ವೆ ನಂಬರುಗಳನ್ನು ನೋಡುವವರಿಗೆ ಪ್ರತಿ ಬಾರಿಯೂ ಮೊದಲಿನಿಂದ ಆರಂಭಿಸುವುದು ಬೇಸರದ ಕೆಲಸವೇ ಸರಿ. ಆದುದರಿಂದ ಸಿದ್ಧ ಘಟಕಗಳನ್ನು ಜೋಡಿಸಿ ಲೋ-ಕೋಡ್ ವಿಧಾನದಲ್ಲಿ ರೂಪಿಸಲಾಗುವ ಸೇವಾ ತಂತ್ರಾಂಶಗಳಲ್ಲಿ ಬಳಕೆದಾರರ ಹಿಂದಿನ ಆಯ್ಕೆಗಳನ್ನು ಉಳಿಸಿಡುವ ಸೌಲಭ್ಯವನ್ನು ಕಲ್ಪಿಸಬಹುದಾಗಿದೆ.

ಹೀಗೆ ಉಳಿಯುವುದು ಹುಡುಕಾಟದ ದಾರಿ ಮಾತ್ರ, ಪಹಣಿಯಲ್ಲ. ಆಯ್ಕೆಗಳು ಬಳಕೆದಾರರ ಖಾತೆಯಲ್ಲಿ ಉಳಿದಿದ್ದರೆ ಯಾವ ಗಣಕಯಂತ್ರದಿಂದ ಪ್ರವೇಶಿಸಿದರೂ ದೊರೆಯುತ್ತವೆ. ಬ್ರೌಸರ್‌ನಲ್ಲಿ ಉಳಿದಿದ್ದರೆ ಆ ಯಂತ್ರದಲ್ಲಿ ಮಾತ್ರ ದೊರೆಯುತ್ತವೆ. ಸೇವಾ ಕೇಂದ್ರದಂತಹ ಹಲವರು ಬಳಸುವ ಯಂತ್ರದಲ್ಲಿ ಹಿಂದಿನ ಅರ್ಜಿದಾರರ ತಾಲ್ಲೂಕು ಹಾಗೆಯೇ ಉಳಿದಿರುವ ಸಂಭವವುಂಟು.

ಹನೂರು ಭಾಗದ ಅರ್ಜಿದಾರರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಹನೂರು 2018ರಲ್ಲಿ ಕೊಳ್ಳೇಗಾಲದಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಯಿತು. ರಾಮಾಪುರ, ಲೊಕ್ಕನಹಳ್ಳಿ ಮುಂತಾದೆಡೆಯ ಜಮೀನುಗಳಿಗೆ ಹಿಂದೆ ಕೊಳ್ಳೇಗಾಲವನ್ನು ಆಯ್ಕೆ ಮಾಡಿ ಉಳಿಸಿಟ್ಟಿದ್ದಲ್ಲಿ, ಗ್ರಾಮಗಳ ಪಟ್ಟಿಯಲ್ಲಿ ತಮ್ಮ ಊರು ಕಾಣದಿರಬಹುದು ಅಥವಾ ದಾಖಲೆ ಲಭ್ಯವಿಲ್ಲವೆಂಬ ಸೂಚನೆ ಬರಬಹುದು. ಇದರಿಂದ ಜಮೀನಿನ ದಾಖಲೆ ಕಳೆದುಹೋಗಿದೆಯೆಂದಾಗಲಿ, ಬೇರೆಯವರ ಹೆಸರಿಗೆ ಹೋಗಿದೆಯೆಂದಾಗಲಿ ಗಾಬರಿಪಡುವ ಅವಶ್ಯಕತೆಯಿಲ್ಲ. ತಾಲ್ಲೂಕು ಬದಲಾದ ಮಾತ್ರಕ್ಕೆ ಖಾತೆದಾರರ ಹಕ್ಕು ಬದಲಾಗುವುದಿಲ್ಲ. ಉಳಿಸಿಟ್ಟ ಆಯ್ಕೆಗೆ ಮಾತ್ರ ಈ ಬದಲಾವಣೆ ತಾನಾಗಿ ತಿಳಿಯದು. ಪ್ರತಿ ಬಾರಿ ಪುಟ ತೆರೆದಾಗ ಹಳೆಯ ಆಯ್ಕೆಯನ್ನು ಪ್ರಚಲಿತ ಪಟ್ಟಿಯೊಡನೆ ತಾಳೆ ನೋಡುವಂತೆ ತಂತ್ರಾಂಶವನ್ನು ರೂಪಿಸಿದ್ದರೆ ಈ ತೊಡಕು ಬಹುಪಾಲು ತಪ್ಪುತ್ತದೆ. ಎಲ್ಲೆಡೆ ಹಾಗಿರುವುದೆಂದು ಅರ್ಜಿದಾರರು ಭಾವಿಸತಕ್ಕದ್ದಲ್ಲ.

ಯಳಂದೂರು ತಾಲ್ಲೂಕಿನವರಿಗೆ ಈ ವಿಭಜನೆಯಿಂದ ವ್ಯತ್ಯಾಸವಾಗಿಲ್ಲ. ಆದರೆ ಮೂರೂ ಕಡೆಯವರು ಹಳೆಯ ಪತ್ರಗಳನ್ನು ನೋಡಿ ಜಿಲ್ಲೆಯನ್ನು ಆಯ್ಕೆ ಮಾಡಬಾರದು. ಚಾಮರಾಜನಗರ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಅದಕ್ಕೂ ಮೊದಲಿನ ಪತ್ರಗಳಲ್ಲಿ ಮೈಸೂರು ಜಿಲ್ಲೆಯೆಂದಿರುತ್ತದೆ. ಕೊಳ್ಳೇಗಾಲ ಸೀಮೆಯ 1956ರ ಹಿಂದಿನ ಕ್ರಯಪತ್ರಗಳಲ್ಲಿ ಕೊಯಮತ್ತೂರು ಜಿಲ್ಲೆಯ ಹೆಸರೂ ಕಂಡುಬರುತ್ತದೆ.

ಫಲಿತಾಂಶ ಬಾರದಿದ್ದಲ್ಲಿ ಉಳಿಸಿಟ್ಟ ಆಯ್ಕೆಗಳನ್ನು ತೆರವುಗೊಳಿಸಿ, ಜಿಲ್ಲೆಯಿಂದ ಆರಂಭಿಸಿ ಕ್ರಮವಾಗಿ ಮರು ಆಯ್ಕೆ ಮಾಡುವುದು. ಒಂದೇ ಹೆಸರಿನ ಗ್ರಾಮಗಳು ಬೇರೆ ಬೇರೆ ಹೋಬಳಿಗಳಲ್ಲಿರಬಹುದಾದ್ದರಿಂದ ಹೋಬಳಿಯನ್ನು ಇತ್ತೀಚಿನ ಪಹಣಿಯಿಂದ ಖಚಿತಪಡಿಸಿಕೊಳ್ಳುವುದು ಒಳಿತು. ಶುಲ್ಕ ಪಾವತಿಸುವ ಮುನ್ನ ಪರದೆಯ ಮೇಲಿನ ತಾಲ್ಲೂಕು, ಗ್ರಾಮ ಮತ್ತು ಖಾತೆದಾರರ ಹೆಸರನ್ನು ಓದಿ ನೋಡತಕ್ಕದ್ದು. ಆಗಲೂ ದಾಖಲೆ ಕಾಣದಿದ್ದಲ್ಲಿ ಸಂಬಂಧಪಟ್ಟ ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ವಿಚಾರಿಸಬಹುದಾಗಿದೆ.